ಕಾಲೂರದೆ ಅಗಸಿಯವರೆಗೆ

ಕಳೆದ ತಿಂಗಳು ಬಳ್ಳಾರಿಯಿಂದ ಆದೋನಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಹಾಲಹರವಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಲಿಯ ಸದ್ದು ಒಮ್ಮೆಲೇ ಬದಲಾಯಿತು. ಡಾಂಬರಿನ ಗಡಸು ಸದ್ದು ಹೋಗಿ ಒಣ ಕಡ್ಡಿ ಮುರಿಯುವ ಚರಚರ ಶುರುವಾಯಿತು. ಯಾರೋ ರಸ್ತೆಯ ಮೇಲೆ ತೊಗರಿ ಹರವಿದ್ದರು. ಕಿಟಕಿಯಿಂದ ಹೊಟ್ಟಿನ ವಾಸನೆ ಬಂತು: ಒಣಗಿದ ಎಲೆ, ಧೂಳು, ಬಿಸಿಲಿಗೆ ಕಾದ ಡಾಂಬರು ಮೂರೂ ಸೇರಿದ ವಾಸನೆ. ಪಕ್ಕದಲ್ಲಿ ಕುಳಿತ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಹಿಂದಿನ ಸೀಟಿನ ಮುದುಕರೊಬ್ಬರು, ಈ ಸಲ ಬೆಳೆ ಚೆನ್ನಾಗಿದೆ ಎಂದರು. ನನಗೆ ಮಾತ್ರ ಸಿಟ್ಟು ಬಂತು. ಆ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಬೆರಳುಗಳು ಇಲ್ಲದ ಬ್ರೇಕನ್ನು ಹುಡುಕುತ್ತವೆ.

ನಾನು ಆದೋನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ವರ್ಷದ ಮಾತು. ಕೆಲಸ ಒಂದೇ ವರ್ಷದ ಗುತ್ತಿಗೆಯದು; ಮಾರ್ಚಿಗೆ ಮುಗಿಯುವಂಥದು. ತರಗತಿಯಲ್ಲಿ ಇಂಗ್ಲಿಷು, ಸ್ಟಾಫ್ ರೂಮಿನಲ್ಲಿ ತೆಲುಗು, ಮನೆಗೆ ಬಂದರೆ ನಮ್ಮ ಕನ್ನಡ. ಮನೆ ಎಂದರೆ ಸೋದರತ್ತೆಯ ಮನೆ. ನಮ್ಮಪ್ಪನ ಅಕ್ಕ ಮದುವೆಯಾಗಿ ಬಂದು ಆದೋನಿಯ ಕೋಟೆಯ ಬುಡದ ಓಣಿಯಲ್ಲಿ ನೆಲೆಸಿದವಳು. ಹಾಲಹರವಿಯ ನಮ್ಮ ಮನೆಯಿಂದ ನಾನು ಎರಡು ಚೀಲ ಬಟ್ಟೆ ಮತ್ತು ಒಂದು ಸೈಕಲ್ಲಿನ ಜೊತೆ ಬಂದಿಳಿದಾಗ ಆಕೆ ಸೈಕಲ್ಲನ್ನೇ ಹೆಚ್ಚು ಹೊತ್ತು ನೋಡಿದಳು.

ರೇಸಿನವರು ಓಡಿಸುವಂಥ ರೋಡ್ ಸೈಕಲ್ ಅದು. ಬಳ್ಳಾರಿಯಲ್ಲಿ ಪರಿಚಯದವರ ಕೈಯಿಂದ ಹಳೆಯದನ್ನೇ ಕೊಂಡಿದ್ದೆ. ಬೆರಳು ದಪ್ಪದ ಟೈರು, ಒಳಕ್ಕೆ ಬಾಗಿದ ಹ್ಯಾಂಡಲ್ಲು, ಹಿಂದೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಪೆಡಲಿಗೆ ಟಕ್ಕೆಂದು ಸಿಕ್ಕಿಕೊಳ್ಳುವ ಬೂಟು ಬೇರೆ. "ಟಗರಿನ ಕೊಂಬು ಇದ್ದಂಗ ಐತಿ. ಹಾಯಂಗಿಲ್ಲಲ್ಲ?" ಎಂದು ಅತ್ತೆ ಕೇಳಿದಳು.

ಸೈಕಲ್ಲು ಬಂದದ್ದು ಶೋಕಿಗಲ್ಲ. ಎಮ್ಮೆಸ್ಸಿಯ ಕೊನೆಯ ವರ್ಷ ಹಾಸ್ಟೆಲಿನ ಮೆಟ್ಟಿಲಿನಲ್ಲಿ ಬಿದ್ದು ಎಡ ಮೊಣಕಾಲಿನ ಒಳಗೆ ಏನೋ ಹರಿದು ಆಪರೇಷನ್ ಆಗಿತ್ತು. ಗೆಳತಿಯರು ಪರೀಕ್ಷೆ ಮುಗಿಸಿ ಹಂಪಿಯ ಬೆಟ್ಟ ಹತ್ತಲು ಹೋದಾಗ ನಾನು ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದೆ. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆ, "ಸಪಾಟಿನಲ್ಲಿ ಎಷ್ಟು ಬೇಕಾದರೂ ಸೈಕಲ್ ಹೊಡೆಯಮ್ಮ, ಏರು ಮಾತ್ರ ಬಿಟ್ಟುಬಿಡು" ಎಂದಿದ್ದರು. ಕಾಫಿ ಬಿಟ್ಟುಬಿಡು ಎನ್ನುವ ಧಾಟಿಯಲ್ಲಿ. ನಾನು ಯಾರಿಗೂ ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ, ಆದೋನಿ ಬಿಡುವುದರೊಳಗೆ ಒಂದು ಏರನ್ನಾದರೂ ಬುಡದಿಂದ ತುದಿಯವರೆಗೆ ಕಾಲು ನೆಲಕ್ಕೆ ತಾಗಿಸದೆ ಏರುತ್ತೇನೆ ಎಂದುಕೊಂಡೆ. ಅಷ್ಟೇ ಇದ್ದದ್ದು. ಅದನ್ನು ಒಬ್ಬಳೇ ಮಾಡಿ, ಒಬ್ಬಳೇ ತಿಳಿದುಕೊಂಡು, ಮುಗಿಸಿಬಿಡಬೇಕು ಎಂಬುದು ನನ್ನ ಯೋಜನೆ.

ಏರಿಗೇನೂ ಆ ಕಡೆ ಬರವಿಲ್ಲ. ಆದೋನಿಯ ಸುತ್ತ ಯಾರೋ ಬುಟ್ಟಿ ಬುಟ್ಟಿ ಸುರಿದು ಹೋದ ಹಾಗೆ ಬಂಡೆಗಳ ಗುಡ್ಡಗಳು. ಗುಡ್ಡದ ಮಗ್ಗುಲಲ್ಲಿ ಹಳೆಯ ಊರುಗಳು. ಒಂದು ಊರಿನಲ್ಲಿ ಕುಸಿದ ಬುರುಜಿನ ಮೇಲೆ ಮೇಕೆಗಳು, ಇನ್ನೊಂದರಲ್ಲಿ ಸಾಲು ವೀರಗಲ್ಲುಗಳಿಗೆ ಒರಗಿಸಿಟ್ಟ ನೇಗಿಲು, ಮತ್ತೊಂದರಲ್ಲಿ ಚಹಾದಂಗಡಿಯ ಮುಂದೆ ಕನ್ನಡದ ಶಾಸನದ ಕಲ್ಲು, ಅದರ ಅಂಚಿನಲ್ಲಿ ಕುಡುಗೋಲು ಮಸೆದು ಮಸೆದು ಆದ ತಗ್ಗು. ಭಾನುವಾರಗಳಂದು ಇವನ್ನೆಲ್ಲ ನೋಡುತ್ತ ಸುಮ್ಮನೆ ಹೋಗಿ ಸುಮ್ಮನೆ ಬರಬಹುದು ಎಂದು ನಾನು ನಂಬಿದ್ದೆ. ಶಾಸನದ ಕಲ್ಲಿನ ಮುಂದೆ ಒಮ್ಮೆ ನೀರು ಕುಡಿಯಲು ನಿಂತದ್ದೇ ತಪ್ಪಾಯಿತು. ಕನ್ನಡ ಓದಾಕ ಬರೋ ಮೇಡಮ್ಮು ಬಂದಾಳ ಎಂದು ಹತ್ತು ಜನ ಕೂಡಿದರು. ಓದ್ರಿ ಎಂದರು. ಹಳಗನ್ನಡದ ಲಿಪಿ ನನಗೆ ಬರುವುದಿಲ್ಲ ಎಂದೆ. "ಎಮ್ಮೆಸ್ಸಿ ಅಂತೀರಿ, ಇದು ಬರಂಗಿಲ್ಲೇನ್ರಿ?" ಎಂದು ಅಂಗಡಿಯವನು ನಿಜವಾಗಿಯೂ ನೊಂದುಕೊಂಡ.

ಅಲ್ಲಿ ಸುಮ್ಮನೆ ಹೋಗುವುದು ಎಂಬುದೇ ಇಲ್ಲ. ಏರಿನಲ್ಲಿ ಉಸಿರು ಬಿಗಿಹಿಡಿದು ತುಳಿಯುತ್ತಿದ್ದರೆ ಆಟೋಗಳು ಪಕ್ಕಕ್ಕೆ ಬಂದು ನನ್ನ ವೇಗಕ್ಕೆ ಇಳಿಯುತ್ತಿದ್ದವು. "ಏಮ್ಮಾ, ಪಂಕ್ಚರಾ? ಲಿಫ್ಟ್ ಕಾವಾಲಾ?" ಬೇಡ ಎಂದು ತಲೆಯಾಡಿಸಿದರೆ, ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಬಂದಿದ್ದೇನೆ ಎಂದು ತೀರ್ಮಾನಿಸಿ ಇನ್ನೂ ನಿಧಾನ ಮಾಡುತ್ತಿದ್ದರು. ಒಮ್ಮೆ ಕುರಿ ಕಾಯುವ ಅಜ್ಜ ಹಿಂದಿನಿಂದ ಬಂದು ಸೀಟಿಗೆ ಕೈ ಹಾಕಿ ತಳ್ಳತೊಡಗಿದ. ಬೇಡಜ್ಜ ಎಂದಷ್ಟೂ ಜೋರಾಗಿ ತಳ್ಳಿದ. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಬಿಟ್ಟು, "ಹೋಗು ತಾಯಿ, ಇನ್ನ ಇಳಿಜಾರು ಐತಿ" ಎಂದು ಆಶೀರ್ವಾದ ಮಾಡಿದ. ಆ ಏರನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಹೀಗೆ ಕಳೆದು ಕಳೆದು ಉಳಿದದ್ದು ಕರಿಗುಡ್ಡ. ನಕಾಶೆಯಲ್ಲಿ ಹುಡುಕಬೇಡಿ, ಊರಿನ ಹೆಸರು ಬದಲಿಸಿದ್ದೇನೆ. ಕೆಳಗಿನ ಬಯಲಿನಿಂದ ರಸ್ತೆ ಮೂರು ತಿರುವು ತೆಗೆದುಕೊಂಡು ಮೇಲಕ್ಕೆ ಹೋಗುತ್ತದೆ. ಮೊದಲನೆಯದು ಹಾಳುಬಾವಿಯ ಹತ್ತಿರ, ಎರಡನೆಯದು ವೀರಗಲ್ಲುಗಳ ಹತ್ತಿರ, ಮೂರನೆಯದು ಒಂದು ದೊಡ್ಡ ಬಂಡೆಯನ್ನು ಸುತ್ತಿಕೊಂಡು. ಮೂರನೆಯ ತಿರುವು ಗೋಡೆ ಹತ್ತಿದ ಹಾಗೆ. ಅದು ಮುಗಿದರೆ ಊರಿನ ಹಳೆಯ ಕಲ್ಲಿನ ಅಗಸಿ, ಅಂದರೆ ಊರಬಾಗಿಲು. ಪಕ್ಕದ ಬಂಡೆಯಲ್ಲಿ ಕೊರೆದ ಹನುಮಪ್ಪ. ಕ್ವಾರಿಯ ಟಿಪ್ಪರುಗಳು ಅಗಸಿಯ ಮುಂದೆ ಬಲಕ್ಕೆ ಹೊರಳಿ ಗುಡ್ಡದ ಹಿಂದಕ್ಕೆ ಹೋಗುತ್ತವೆ. ಎರಡನೆಯ ಮತ್ತು ಮೂರನೆಯ ತಿರುವಿನ ನಡುವೆ ಒಂದಿಷ್ಟು ದೂರ ರಸ್ತೆ ಸಪಾಟಾಗಿದೆ. ಉಸಿರು ಹಿಂದಕ್ಕೆ ಪಡೆಯಲು ದೇವರೇ ಕೊಟ್ಟ ಜಾಗ ಎಂದುಕೊಂಡಿದ್ದೆ. ಅದೇ ಜಾಗವನ್ನು ದೇವರು ಬೇರೆಯವರಿಗೂ ಕೊಟ್ಟಿದ್ದ.

ಮಳೆಗಾಲವೆಲ್ಲ ಮೂರನೆಯ ತಿರುವಿನಲ್ಲಿ ಸೋತೆ. ಅದು ನ್ಯಾಯವಾದ ಸೋಲು, ಕಾಲಿನಲ್ಲಿ ಶಕ್ತಿಯಿರಲಿಲ್ಲ. ದಸರೆಯ ಹೊತ್ತಿಗೆ ಕಾಲು ತಯಾರಾಯಿತು. ಅದೇ ವಾರ ರಸ್ತೆ ಕಣವಾಯಿತು.

ಎರಡನೆಯ ತಿರುವು ದಾಟಿ ಸಪಾಟಿಗೆ ಬಂದರೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ನವಣೆ. ತೆನೆಯ ಸಮೇತ, ಮೊಣಕಾಲೆತ್ತರ. ಸುತ್ತ ತಲೆಗಾತ್ರದ ಕಲ್ಲುಗಳು. ಟಿಪ್ಪರುಗಳೂ ಊರಿನ ಬಸ್ಸೂ ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಡಬೇಕು. ಇವರು ಆಮೇಲೆ ಅಲ್ಲಿಯೇ ಗಾಳಿಗೆ ತೂರಿಕೊಳ್ಳುತ್ತಾರೆ. ನಾನು ಬ್ರೇಕ್ ಹಿಡಿಯುವುದಕ್ಕೂ ಒಬ್ಬ ಹೆಂಗಸು ಪೊರಕೆ ಅಡ್ಡ ಹಿಡಿದು ಓಡಿ ಬರುವುದಕ್ಕೂ ಸರಿಹೋಯಿತು.

"ನಿಂದ್ರು, ನಿಂದ್ರು, ನಿಂದ್ರು!"

ಕಾಲು ಕೆಳಗಿಟ್ಟೆ. ಆ ದಿನದ ಪ್ರಯತ್ನ ಅಲ್ಲಿಗೆ ಮುಗಿಯಿತು.

"ಅಕ್ಕಾ, ಒಂದೀಟು ದಾರಿ ಬಿಡ್ರಿ."

"ದಾರಿ ಎಲ್ಲೈತವ್ವಾ? ಇದು ಕಣ."

"ರಸ್ತೆ ಅಲ್ಲೇನ್ರಿ ಇದು?"

"ಮಳಿಗಾಲದಾಗ ರಸ್ತಾ. ಈಗ ಕಣ." ಆಕೆ ನನ್ನ ಬೂಟು ನೋಡಿದಳು. "ಕಣದಾಗ ಕಾಲ್ಮರಿ ಹಾಕ್ಕೊಂಡು ಯಾರರ ಬರ್ತಾರೇನು? ಓದಿದಾಕಿ ಕಂಡಂಗ ಕಾಣ್ತಿ. ಬಿಚ್ಚು."

ಅಷ್ಟರಲ್ಲಿ ಕಲ್ಲು ತುಂಬಿದ ಟಿಪ್ಪರ್ ಒಂದು ಮೇಲಿನಿಂದ ಇಳಿದು ನವಣೆಯ ಮೇಲೆ ಆರಾಮಾಗಿ ಹಾಯ್ದು ಹೋಯಿತು. ಅದರ ಗಾಲಿಗೆ ಮೆತ್ತಿದ್ದ ಕೆಸರನ್ನೂ ಸಗಣಿಯನ್ನೂ ನಾನು ಬೆರಳು ಮಾಡಿ ತೋರಿಸಿದೆ.

"ಅದು?"

"ಅದಕ್ಕೇನು ಕಾಲು ಐತೇನು, ಕಾಲ್ಮರಿ ಹಾಕ್ಕೊಳ್ಳಾಕ?"

ನಾನು ತರ್ಕಶುದ್ಧವಾಗಿ, ನನ್ನ ಸೈಕಲ್ಲಿಗೂ ಕಾಲಿಲ್ಲ, ಅದರ ಮೇಲೆ ಕುಳಿತೇ ದಾಟುತ್ತೇನೆ ಎಂದೆ. ಆಕೆ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು. "ಇದಕ್ಕ ತೂಕನ ಇಲ್ಲಲ್ಲ. ಲಾರಿ ಹಾಯ್ದ್ರ ಕಾಳು ಉದುರ್ತಾವು. ಇದು ಹಾಯ್ದ್ರ ಗೆರಿ ಬೀಳ್ತೈತಿ, ಅಷ್ಟ. ಹಿಂದ ಇಬ್ಬರನ್ನ ಕುಂದರ್ಸ್ಕೊಂಡು ಬಾ ಹೋಗು, ಬಿಡ್ತೀನಿ." ಬೇವಿನ ನೆರಳಿನಲ್ಲಿ ಕುಳಿತು ಹಕ್ಕಿ ಓಡಿಸುತ್ತಿದ್ದ ಆಕೆಯ ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಾನು ಬೂಟು ಬಿಚ್ಚಿದೆ. ಪೆಡಲಿನಿಂದ ಬಿಟ್ಟುಕೊಂಡಾಗ ಆದ ಟಕ್ಕೆಂಬ ಸದ್ದಿಗೆ ಮುದುಕಿ, "ಅಯ್ಯ, ಹುಡುಗಿ ಕಾಲಿಗೆ ಕೀಲಿ ಹಾಕ್ಯಾರ" ಎಂದು ಮರುಗಿದಳು. ಒಂದು ಹೆಗಲಿಗೆ ಸೈಕಲ್ಲು, ಒಂದು ಕೈಯಲ್ಲಿ ಬೂಟು, ಬರಿಗಾಲಿಗೆ ಚುಚ್ಚುವ ದಂಟು. ಸಾರ್ವಜನಿಕ ರಸ್ತೆಯಲ್ಲಿ ಹಾಗೆ ನಡೆದು ದಾಟಿದೆ.

ಆಕೆಯ ಹೆಸರು ಈರಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಊರಿನ ಅಗಸಿಯ ಒಳಗೆ ಮೊದಲನೆಯ ಮನೆ ಅವರದು. ಗಂಡ, ಮೂರು ಮಕ್ಕಳು, ಅತ್ತೆ. ಈ ವಿವರಗಳನ್ನು ನಾನು ಕೇಳಿ ತಿಳಿದದ್ದಲ್ಲ. ಪ್ರತಿ ಭಾನುವಾರ ಬೂಟು ಬಿಚ್ಚುವಷ್ಟರಲ್ಲಿ ಒಂದೊಂದಾಗಿ ಕಿವಿಗೆ ಬಿದ್ದದ್ದು. ಯಾಕೆಂದರೆ ನವಣೆ ಮುಗಿದರೆ ರಸ್ತೆ ಖಾಲಿಯಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದು ತಪ್ಪಾಗಿತ್ತು. ನವಣೆಯ ಹಿಂದೆ ಸಜ್ಜೆ ಬಂತು, ಸಜ್ಜೆಯ ಹಿಂದೆ ಶೇಂಗಾ ಒಣಗಲು ಬಂತು, ಆಮೇಲೆ ಹುರುಳಿ. ಬೆಳಿಗ್ಗೆ ಬೇಗ ಹೋದರೆ ರಾಶಿಗೆ ತಾಡಪಾಲು ಹೊದಿಸಿ ಸುತ್ತ ಕಲ್ಲು ಹೇರಿರುತ್ತಿದ್ದರು. ಸಂಜೆ ಹೋದರೆ ತೂರುವ ಹೊಟ್ಟು ಕಣ್ಣು ಮೂಗಿಗೆಲ್ಲ. ಒಂದು ಭಾನುವಾರ ರಸ್ತೆ ಪೂರ್ತಿ ಖಾಲಿಯಿತ್ತು. ಬಿಟ್ಟುಹೋದ ಜಾಲಿಮುಳ್ಳೊಂದು ಟೈರಿಗೆ ಚುಚ್ಚಿತು. ಈರಮ್ಮನ ಗಂಡ ಓಡಿ ಬಂದು ಮುಳ್ಳನ್ನು ಕಿತ್ತು ನನ್ನ ಕೈಗೆ ಕೊಟ್ಟ, ಬೇಕಾಗಬಹುದೇನೋ ಎಂಬಂತೆ.

ಯಾರನ್ನು ಬೈಯಬೇಕು? ಹೊಲ ಅವರದು, ಬೆಳೆ ಅವರದು, ರಾಶಿ ಒಕ್ಕಲು ಬೇರೆ ಸಪಾಟು ನೆಲ ಆ ಗುಡ್ಡದಲ್ಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೆ ಸಿಟ್ಟು ಕಡಿಮೆಯಾಗಬೇಕೆಂದೇನೂ ಇಲ್ಲ. ನನಗಿದ್ದದ್ದು ಮಾರ್ಚಿನವರೆಗಿನ ಭಾನುವಾರಗಳು ಮಾತ್ರ; ಅವು ಒಂದೊಂದಾಗಿ ಹುರುಳಿಯ ಕೆಳಗೆ ಹೋಗುತ್ತಿದ್ದವು.

ಡಿಸೆಂಬರಿನ ಒಂದು ಮಧ್ಯಾಹ್ನ ಈರಮ್ಮ ಕೇಳಿಯೇಬಿಟ್ಟಳು. ನಾನು ಕಣದ ಅಂಚಿನ ಕಲ್ಲಿನ ಮೇಲೆ ಕುಳಿತು ಪಾದಕ್ಕೆ ಚುಚ್ಚಿದ ಹೊಟ್ಟು ತೆಗೆಯುತ್ತಿದ್ದೆ.

"ಮೇಡಮ್, ಒಂದು ಮಾತು. ಈ ಊರಾಗ ನಿಮ್ಮೋರು ಅಂತ ಯಾರೂ ಇಲ್ಲ. ಗುಡಿಗೂ ಹೋಗಂಗಿಲ್ಲ ನೀನು. ವಾರವಾರ ಬರ್ತಿ, ಅಗಸಿ ಮುಟ್ಟತಿ, ತಿರುಗಿ ಹೋಗ್ತಿ. ಯಾಕ?"

"ಸುಮ್ಮನ ಅಕ್ಕ."

"ಸುಮ್ಮನ ಯಾರರ ಇಷ್ಟು ಬೆವರು ಇಳಿಸ್ತಾರೇನು?"

ನಾನು ವಿಷಯಗಳನ್ನು ಹಂಚಿಕೊಳ್ಳುವವಳಲ್ಲ. ಆ ದಿನ ದಣಿವಿತ್ತು, ಈ ಪ್ರಶ್ನೆ ಮುಂದಿನ ವಾರವೂ ಬರುತ್ತದೆ ಎಂಬುದು ಖಚಿತವಿತ್ತು. ಒಂದೇ ಸಲ ಹೇಳಿ ಮುಗಿಸೋಣ ಎಂದು, ಮೊಣಕಾಲಿನ ಆಪರೇಷನ್ ಆಗಿದೆ, ಕೆಳಗಿನಿಂದ ಅಗಸಿಯವರೆಗೆ ಒಮ್ಮೆ ಕಾಲು ನೆಲಕ್ಕೆ ಊರದೆ ಬರಬೇಕು ಅಂತ ಇದೆ, ಅಷ್ಟೇ ಎಂದೆ.

ಈರಮ್ಮನ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು. "ಮೊದಲ ಹೇಳಬಾರದೇನವ್ವಾ! ಹರಕಿ ಹೊತ್ತಿ ಅನ್ನು."

"ಹರಕಿ ಅಲ್ಲಕ್ಕ."

"ಕಾಲು ಕೆಟ್ಟಿತ್ತು, ನೆಟ್ಟಗಾತು. ಕಾಲೂರದಂಗ ಹನುಮಪ್ಪನ ತನ ಬರ್ತೀನಿ ಅಂತ ಬೇಡ್ಕೊಂಡಿ. ಇದು ಹರಕಿ ಅಲ್ದ ಮತ್ತೇನು?"

"ನಾನು ಅಗಸಿ ಅಂದದ್ದು. ಹನುಮಪ್ಪ ಅಲ್ಲೇ ಪಕ್ಕದಾಗ ಇದ್ರ ನಾನೇನು ಮಾಡ್ಲಿ?"

ಬೇವಿನ ಕೆಳಗಿಂದ ಮುದುಕಿ ಸೊಸೆಯನ್ನು ಗದರಿದಳು. "ಬಾಯಿ ಬಿಡಿಸಬ್ಯಾಡ ಆಕೀನ್ನ. ಹರಕಿ ಹೊತ್ತೋರು ಅಲ್ಲ ಅಂತನ ಅನ್ನಬೇಕು. ಹೇಳಿದ್ರ ಮುಟ್ಟಂಗಿಲ್ಲ."

ಅಲ್ಲ ಎಂದಷ್ಟೂ ಅದು ಇನ್ನೂ ಗಟ್ಟಿ ಹರಕೆಯಾಗುತ್ತ ಹೋಯಿತು. ಒಂದು ವಾರದಲ್ಲಿ ಸುದ್ದಿ ಗುಡ್ಡ ಇಳಿದು, ತರಕಾರಿಯವರ ಬುಟ್ಟಿಯ ಜೊತೆ ಆದೋನಿಯ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನಮ್ಮ ಅತ್ತೆಯ ಅಡುಗೆಮನೆಗೆ ಬಂತು.

"ಏನವ್ವಾ," ಎಂದಳು ಅತ್ತೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ಹರಕಿ ಹೊತ್ತೀಯಂತ. ಬದನಿಕಾಯಿ ಮಾರಾಕಿ ಬಂದು ನನಗ ಹೇಳಬೇಕೇನು? ಕಾಯಿ, ಕರ್ಪೂರ ನಾ ಕೊಡ್ತಿದ್ದಿಲ್ಲೇನು?"

"ಯಾವ ಹರಕಿನೂ ಇಲ್ಲ ಅತ್ತಿ."

"ಆತು, ಆತು. ಬಾಯಿಲೆ ಹೇಳಬ್ಯಾಡ." ಆಕೆ ತೃಪ್ತಿಯಿಂದ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ಎರಡು ದಿನಗಳ ನಂತರ ನನ್ನ ಕೋಣೆಯಲ್ಲಿ ಔಡಲ ಎಣ್ಣೆಯ ಸೀಸೆ ಕಾಣಿಸಿತು. ಕರಿಗುಡ್ಡದಿಂದ ಬಂದದ್ದು, ಮೊಣಕಾಲಿಗೆ ತಿಕ್ಕಲು. ಕಾಲೇಜಿನಲ್ಲಿ ನನ್ನ ಮೊಣಕಾಲಿನ ವಿಷಯ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಈಗ ಬದನೆಕಾಯಿ ಮಾರುವವಳಿಗೆ ಗೊತ್ತಿತ್ತು.

ಸಂಕ್ರಾಂತಿ ಮುಗಿದ ಭಾನುವಾರ ಬರಬೇಕು, ಕಣ ಸರಿಸಿ ದಾರಿ ಮಾಡಿರುತ್ತೇವೆ ಎಂದು ಈರಮ್ಮ ನಮ್ಮ ಅತ್ತೆಯ ಫೋನಿಗೆ ಹೇಳಿ ಕಳಿಸಿದಳು. ಹರಕೆ ಎಂದರೆ ಎನ್ನಲಿ, ದಾರಿ ಸಿಕ್ಕರೆ ಸಾಕು ಎಂದು ಹೋದೆ. ಎರಡನೆಯ ತಿರುವು ದಾಟಿ ನೋಡಿದರೆ ಸಪಾಟಿನಲ್ಲಿದ್ದ ತೊಗರಿಯನ್ನೆಲ್ಲ ಎಡಕ್ಕೆ ಎಳೆದು, ಬಲಗಡೆ ಸೈಕಲ್ಲು ಹಾಯುವಷ್ಟು ಡಾಂಬರನ್ನು ಗುಡಿಸಿ, ಅಂಚಿಗೆ ಸುಣ್ಣ ಬಳಿದ ಕಲ್ಲು ಇಟ್ಟಿದ್ದರು. ಕಾಲಿನಲ್ಲಿ ಆ ದಿನ ಎಂದೂ ಇಲ್ಲದ ಹಗುರವಿತ್ತು. ಉಸಿರು ಸರಿಯಿತ್ತು. ಮೂರನೆಯ ತಿರುವಿಗೆ ಹೊರಳಿದೆ. ಬಂಡೆಯ ಹಿಂದೆ ಊರಿಗೆ ಊರೇ ನಿಂತಿತ್ತು. ನಡುವೆ ಮುದುಕಿ, ಕೈಯಲ್ಲಿ ಅರಿಸಿನದ ನೀರಿನ ಕೊಡ.

"ಸರೀರಿ, ಅಜ್ಜೀ, ಸರೀರಿ!" ಎಂದು ಕೂಗಿದೆ.

"ಕಾಲಿಗೆ ನೀರು ಹಾಕದ ಅಗಸಿ ದಾಟಬಾರದವ್ವಾ!" ಎಂದು ಆಕೆ ಅಷ್ಟೇ ಜೋರಾಗಿ ಕೂಗಿ, ಇಡೀ ಕೊಡವನ್ನು ನನ್ನ ಕಾಲಿಗೆ ಗುರಿಯಿಟ್ಟು ಎರಚಿದಳು.

ಅಂಥ ಏರಿನಲ್ಲಿ, ಅಂಥ ಟೈರಿಗೆ, ಒದ್ದೆ ಡಾಂಬರು. ಹಿಂದಿನ ಗಾಲಿ ನಿಂತಲ್ಲೇ ಒಂದು ಸುತ್ತು ತಿರುಗಿತು. ಬಲಗಾಲು ತಾನಾಗಿ ಬಿಡಿಸಿಕೊಂಡು ನೆಲಕ್ಕೆ ಬಂತು. ಅಗಸಿಯ ಕಲ್ಲು ಕಣ್ಣೆದುರಿಗೇ ಇತ್ತು.

"ಮುಟ್ಟಿತು! ಹರಕಿ ಮುಟ್ಟಿತು!" ಎಂದು ಎಲ್ಲರೂ ಕೂಗಿದರು. ಯಾರೋ ತೆಂಗಿನಕಾಯಿ ಒಡೆದರು. ಹಲಿಗೆ ಬಡಿಯಲು ಒಬ್ಬ ಮೊದಲೇ ತಯಾರಾಗಿ ಬಂದಿದ್ದ.

"ಮುಟ್ಟಿಲ್ಲ!" ಎಂದೆ. "ಕಾಲು ಕೆಳಗ ಬಂತು. ನೀವು ನೀರು ಹಾಕಿದ್ರಿ, ಕಾಲು ಬಂತು."

"ನೀರು ಹಾಕಿದ ಮ್ಯಾಲ ಬಂದದ್ದು ಬಂದಂಗಲ್ಲ," ಎಂದಳು ಈರಮ್ಮ, ಹಣೆಗೆ ಕುಂಕುಮ ಹಚ್ಚಲು ಬರುತ್ತ. "ದೇವರು ಒಪ್ಪ್ಯಾನ, ಬಿಡು."

"ನಾ ಒಪ್ಪಿಲ್ಲ."

"ನಿನ್ನ ಒಪ್ಪಿಗಿ ಯಾರು ಕೇಳ್ಯಾರ?"

ಎಲ್ಲರೂ ನಕ್ಕರು. ನನ್ನ ಬೂಟಿನಿಂದ ಹಳದಿ ನೀರು ಸೋರುತ್ತಿತ್ತು. ಆರು ತಿಂಗಳಿನ ಸಂಯಮ ಆ ನೀರಿನ ಜೊತೆ ಹೋಯಿತೆಂದು ಕಾಣುತ್ತದೆ. ನಾನು ಆ ಊರಿನಲ್ಲಿ ಎಂದೂ ಎತ್ತದ ದನಿಯಲ್ಲಿ, "ಇದು ದೇವರಿಗಲ್ಲ! ನನಗ! ನನ್ನ ಕಾಲಿಗೆ ಆಗ್ತದೋ ಇಲ್ಲೋ ನೋಡಬೇಕಿತ್ತು. ಅಷ್ಟ. ಯಾರೂ ಬರ್ರಿ ಅಂತ ನಾ ಹೇಳಿದ್ದಿಲ್ಲ" ಎಂದೆ.

ಹಲಿಗೆ ನಿಂತಿತು. ಈರಮ್ಮ ನನ್ನನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು. "ಮುಂಜಾನಿಂದ ತೊಗರಿ ಎಳದೀವಿ. ಹಸಿವೀಲೆ ನಿಂತೀವಿ. ನಿನಗ ಅಂದ್ರ ನಿಮ್ಮ ಮನಿಯಾಗ ಮಾಡ್ಕೋಬೇಕವ್ವಾ. ನಮ್ಮ ಊರ ಏರು ಯಾಕ ಬೇಕಿತ್ತು?"

ನಾನು ಸೈಕಲ್ಲನ್ನು ಇಳಿಜಾರಿಗೆ ತಿರುಗಿಸಿದೆ. ಒಡೆದ ಕಾಯಿಯ ಅರ್ಧ ಹೋಳನ್ನು ಆಕೆ ನನ್ನ ಅಂಗಿಯ ಬೆನ್ನಿನ ಜೇಬಿಗೆ ತುರುಕಿದಳು. ಇಳಿಜಾರಿನಲ್ಲಿ ಅದು ಉದ್ದಕ್ಕೂ ಬೆನ್ನಿಗೆ ಬಡಿಯುತ್ತಿತ್ತು.

ಫೆಬ್ರವರಿಯಲ್ಲಿ ನಾನು ಆ ಕಡೆ ಹೋಗಲೇ ಇಲ್ಲ. ಗೋನೆಗಂಡ್ಲದ ದಾರಿಯಲ್ಲಿ ಸಪಾಟಾಗಿ ಹೊಡೆದೆ. ಡಾಕ್ಟರಿಗೆ ಸಂತೋಷವಾಗುವಂಥ ರಸ್ತೆ. ಹತ್ತಿಯ ಲಾರಿಗಳು ಎಳೆ ಉದುರಿಸಿಕೊಂಡು ಹೋಗುತ್ತಿದ್ದವು. ಅವು ಗಿಯರಿನ ಹಲ್ಲಿಗೆ ಸುತ್ತಿಕೊಳ್ಳುತ್ತಿದ್ದವು. ನಾನು ಸಂಜೆ ಕುಳಿತು ಬಿಡಿಸುತ್ತಿದ್ದೆ. ಪೆಡಲು ತುಳಿಯುವುದು ತಪಸ್ಸಿನ ಹಾಗೆ ಎಂದು ಯಾರೋ ಬರೆದದ್ದನ್ನು ಎಲ್ಲೋ ಓದಿದ್ದೆ. ಅವರು ಆದೋನಿಯಲ್ಲಿ ತುಳಿದಿರಲಾರರು.

ತಿಂಗಳ ಕೊನೆಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಸಿಟ್ಟು ಇಳೀತೇನು?" ಈರಮ್ಮ. ನನ್ನ ನಂಬರನ್ನು ನಮ್ಮ ಅತ್ತೆ ಸಂತೋಷದಿಂದ ಕೊಟ್ಟಿದ್ದಳು.

"ಸಿಟ್ಟೇನಿಲ್ಲ."

"ಐತಿ. ಇರ್ಲಿ. ನಾಳಿ ನಾವು ಗುಂಟೂರ ಕಡೆ ಹೊಂಟೀವಿ, ಮೆಣಸಿನಕಾಯಿ ಬಿಡಿಸಾಕ. ಮಕ್ಕಳನ್ನ ನೋಡ್ಕೊಳ್ಳಾಕ ನಮ್ಮತ್ತಿನೂ ಬರ್ತಾಳ. ನಮ್ಮ ಊರು ಪೂರ್ತಿ ಹೊಂಟೈತಿ. ರಸ್ತಾ ಖಾಲಿ ಐತಿ, ಬಂದು ಏರ್ಕೋ." ಒಂದು ಕ್ಷಣ ಬಿಟ್ಟು, "ನೀರು ಹಾಕೋರು ಯಾರೂ ಇಲ್ಲ," ಎಂದಳು.

ಹಾಗೆ ಕೂಲಿಗೆ ಗುಳೆ ಹೋಗುವುದು ಪ್ರತಿವರ್ಷದ ಪದ್ಧತಿಯೆಂದು ನನಗೆ ತಿಳಿದಿತ್ತು. ಹತ್ತಿರದ ಕೋಸಗಿಯ ರೈಲು ಸ್ಟೇಷನ್ನಿನಲ್ಲಿ ಆ ದಿನಗಳಲ್ಲಿ ಪಾತ್ರೆಗಂಟುಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಆದರೂ ಮಾರ್ಚಿನ ಮೊದಲ ಭಾನುವಾರ ಕರಿಗುಡ್ಡದ ಬುಡದಲ್ಲಿ ನಿಂತು ಮೇಲೆ ನೋಡಿದಾಗ, ಬೇರೆ ಗುಡ್ಡಕ್ಕೆ ಬಂದೆನೇನೋ ಅನ್ನಿಸಿತು. ಟಿಪ್ಪರುಗಳಿಗೂ ಅಂದು ರಜೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಹಾಳುಬಾವಿಯ ತಿರುವು ಬಂತು, ಹೋಯಿತು. ವೀರಗಲ್ಲುಗಳ ತಿರುವಿನಲ್ಲಿ ಮೊಣಕಾಲು ಒಂದು ಸಲ ಕಟಕ್ಕೆಂದಿತು, ಹೆದರಿದೆ, ತುಳಿದೆ. ಸಪಾಟಿಗೆ ಬಂದಾಗ ಬೆರಳುಗಳು ತಾವಾಗಿ ಬ್ರೇಕಿನ ಮೇಲೆ ಹೋದವು. ಯಾರೂ ನಿಲ್ಲು ಎನ್ನಲಿಲ್ಲ. ಬೇವಿನ ಕೆಳಗೆ ಯಾರೂ ಇರಲಿಲ್ಲ. ಡಾಂಬರು ಒಂದು ಹಬ್ಬದ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಬೇಕಾದಷ್ಟು ಉಸಿರು ಎಳೆದುಕೊಂಡೆ. ಮೂರನೆಯ ತಿರುವಿನಲ್ಲಿ ವೇಗ ಎಷ್ಟು ಇಳಿಯಿತೆಂದರೆ ಸೈಕಲ್ಲು ಬೀಳದಿರಲು ಈ ಅಂಚಿನಿಂದ ಆ ಅಂಚಿಗೆ ಹಾವಿನ ಹಾಗೆ ಹೊರಳಿಸಬೇಕಾಯಿತು. ಬಂಡೆಯ ಬಿಸಿ ಮುಖಕ್ಕೆ ಹೊಡೆಯಿತು. ಎಡಗಾಲು ಒತ್ತಿದೆ. ಬಲಗಾಲು ಒತ್ತಿದೆ. ಎಡಗಾಲು. ಆಮೇಲೆ ತಲೆಯ ಮೇಲೆ ಒಮ್ಮೆಲೇ ನೆರಳು ಬಿತ್ತು, ತಣ್ಣಗಾಯಿತು. ಅಗಸಿಯ ಒಳಗಿದ್ದೆ.

ಕಾಲು ಕೆಳಗಿಟ್ಟೆ.

ನಾನು ಬಯಸಿದ್ದ ಹಾಗೆಯೇ ಆಗಿತ್ತು. ಯಾರೂ ಇರಲಿಲ್ಲ. ಓಣಿಯ ಬಾಗಿಲುಗಳಿಗೆಲ್ಲ ಬೀಗ. ಈರಮ್ಮನ ಮನೆಯ ಕಟ್ಟೆಯ ಮೇಲೆ ಒಂದು ಕೋಳಿ ಕುಳಿತಿತ್ತು. ನನ್ನನ್ನು ನೋಡಿ ಕಣ್ಣು ಮುಚ್ಚಿತು. ನೀರು ಕುಡಿದೆ. ಎದೆಬಡಿತ ಇಳಿಯಲು ಕಾದೆ. ಹೇಳಬೇಕೆಂದು ಯಾರ ಮುಖವೂ ನೆನಪಿಗೆ ಬರುವುದಿಲ್ಲ ಎಂದುಕೊಂಡಿದ್ದವಳು ನಾನು. ಹತ್ತು ನಿಮಿಷ ಹಾಗೆ ಕುಳಿತು, ನನ್ನ ಮೇಲೇ ಬೇಸರಪಟ್ಟುಕೊಳ್ಳುತ್ತ ಫೋನ್ ತೆಗೆದೆ.

"ಅಕ್ಕಾ, ಏರಿದೆ."

"ಯಾರು? ಮೇಡಮ್ಮಾ? ಏನು?" ಆಚೆ ಗಾಳಿ, ಹೆಂಗಸರ ಮಾತು, ಯಾರದೋ ಕೆಮ್ಮು.

"ಏರಿದೆ ಅಂದೆ. ಅಗಸಿ ತನ. ಕಾಲೂರಲಿಲ್ಲ."

"ಏರಿದಿ?" ದನಿ ಎದ್ದಿತು, ಕೂಡಲೇ ಇಳಿಯಿತು. "ಯಾರು ನೋಡ್ಯಾರ?"

"ಯಾರೂ ಇಲ್ಲಲ್ಲಕ್ಕ ಊರಾಗ."

"ಹಂಗಾದ್ರ ಹೆಂಗ? ಹರಕಿ ಆಗಿದ್ರ ದೇವರು ನೋಡ್ಯಾನ ಅನ್ನಬಹುದಿತ್ತು. ನೀನ ಹರಕಿ ಅಲ್ಲ ಅಂದಿ. ಅಲ್ಲ ಅಂದ ಮ್ಯಾಲ ಮನುಷ್ಯಾರು ನೋಡಬೇಕಲ್ಲ?"

ಸಂಖ್ಯಾಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿದ ನನಗೆ ಈ ವಾದದಲ್ಲಿ ತಪ್ಪು ಎಲ್ಲಿದೆಯೆಂದು ಕಂಡುಹಿಡಿಯಲಾಗಲಿಲ್ಲ. "ನನ್ನ ಗುತ್ತಿಗೆ ಈ ತಿಂಗಳು ಮುಗೀತೈತಿ. ಮತ್ತ ಏರಾಕ ಆಗಂಗಿಲ್ಲಕ್ಕ. ಬಿಸಿಲು ನೋಡ್ರಿ ಹೆಂಗೈತಿ," ಎಂದೆ, ಪರೀಕ್ಷೆ ತಪ್ಪಿಸಿಕೊಂಡ ವಿದ್ಯಾರ್ಥಿಯ ಹಾಗೆ.

ಆಚೆ ಈರಮ್ಮ ಯಾರಿಗೋ ತೆಲುಗಿನಲ್ಲಿ ಏನೋ ಹೇಳಿದಳು. ಮೆಣಸಿನ ಸಾಲಿನಲ್ಲಿ ಸುದ್ದಿ ದಾಟುತ್ತಿರುವುದು ಕೇಳಿಸಿತು. ಮುದುಕಿಯ ದನಿ, "ಬಿದ್ಲೇನು? ಕೇಳು, ಬಿದ್ಲೇನು?"

"ಬಿದ್ದಿಲ್ಲಂತ, ಸುಮ್ನಿರು," ಎಂದು ಈರಮ್ಮ ಗದರಿ ನನ್ನ ಕಡೆ ಬಂದಳು. "ಸ್ಪೀಕರ್ ಹಾಕೀನಿ. ಎಲ್ಲಾರೂ ಕುಂತೀವಿ. ಹೇಳು."

"ಏನು ಹೇಳಲಿ?"

"ಹೆಂಗ ಏರಿದಿ ಅದನ್ನ. ಬುಡದಿಂದ ಹೇಳು. ಬಿಡಬ್ಯಾಡ ಏನೂ."

"ಅದರಾಗ ಹೇಳಾಕ ಏನೈತಿ ಅಕ್ಕ, ತುಳಿದೆ, ಬಂದೆ."

"ಹಂಗೆಲ್ಲ ನಡಿಯಂಗಿಲ್ಲ. ಬಾವಿ ತಿರುವ್ಯಾಗ ಏನಾತು?"

ಖಾಲಿ ಊರಿನ ಅಗಸಿಯಲ್ಲಿ ನಿಂತು, ಗೋಡೆಗೆ ದನಿ ಹೊಡೆದು ವಾಪಸು ಬರುತ್ತಿರುವಾಗ, ನಾನು ಜೀವನದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಬಾವಿಯ ತಿರುವಿನಲ್ಲಿ ಏನಾಯಿತು ಹೇಳಿದೆ. ವೀರಗಲ್ಲುಗಳ ಹತ್ತಿರ ಮೊಣಕಾಲು ಕಟಕ್ಕೆಂದದ್ದು ಹೇಳಿದೆ. ಆಚೆ ನಾಲ್ಕೈದು ಜನ ಒಟ್ಟಿಗೆ ಅಯ್ಯಯ್ಯ ಎಂದರು. ಕಣ ಖಾಲಿಯಿತ್ತು ಎಂದೆ. "ಮುಂದ?" ಎಂದರು. ಮೂರನೆಯ ತಿರುವಿಗೆ ಬಂದೆ, ಬಂಡೆ ಬಿಸಿ ಉಗುಳುತ್ತಿತ್ತು ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಆ ಗುಡ್ಡದ ಮೇಲೆ ಅದು ಯಾವಾಗಲೂ ಹಾಗೆಯೇ. ಫೋನನ್ನು ಮೇಲೆ ಹಿಡಿದು ಅಗಸಿಯ ಹೊರಗೆ ಬಿಸಿಲಿಗೆ ಬಂದೆ. ಅದು ರಿಂಗಾಯಿತು.

"ಕಡದು ಹೋತು," ಎಂದಳು ಈರಮ್ಮ. "ಬಂಡೆಗಲ್ಲಿನ ತನ ಬಂದಿದ್ದಿ. ಲಗೂನ ಹೇಳು, ಮೇಸ್ತ್ರಿ ಕರಿಯಾಕ ಹತ್ಯಾನ."